ಹಾಡಿನ ಕೆಳಗೆ ಯಾರ ಹೆಸರು?

ಇವತ್ತು ಮೊದಲು ನನ್ನ ಒಂದು ತಪ್ಪು ಒಪ್ಕೋಬೇಕು. ನಮ್ಮ ಮೊದಲ ಎಪಿಸೋಡ್‌ನಲ್ಲಿ ಬನಹಟ್ಟಿಯ ನಮ್ಮ ಆಯಿ ಹಾಡಿದ ಹಾಡು ಹಾಕಿದ್ದೆ. ಕೆಳಗೆ 'ಜಾನಪದ' ಅಂತ ಬರೆದಿದ್ದೆ. ಮೊನ್ನೆ ಕಂಡಿಕಿ ಸುತ್ತುತ್ತಾ ಆಯಿ ಕೇಳಿದ್ಲು: "ತಮ್ಮಾ, ಅದರಾಗ ಎರಡು ನುಡಿ ನಾನ ಕಟ್ಟೀನಿ. ನನ್ನ ಹೆಸರು ಯಾಕ ಹಾಕಲಿಲ್ಲ?"

ನಾನು ಬಿ.ಕಾಂ. ಓದಿದವ. ಯಾರ ಖಾತೆಗೆ ಏನು ಜಮಾ ಆಗಬೇಕು ಅಂತ ಕಲಿತವ. ಆದರೂ ಆಯಿಯ ನುಡಿಗಳನ್ನು ಹೆಸರಿಲ್ಲದ ಖಾತೆಗೆ ಹಾಕಿಬಿಟ್ಟಿದ್ದೆ.

ಇದು ಹಳೇ ರೂಢಿ ನೋಡ್ರಿ. ಪಕ್ಕದ ಮುಧೋಳ ಕವಿ ರನ್ನನ ಊರು. 993ರಲ್ಲಿ ಆತನಿಂದ 'ಅಜಿತಪುರಾಣ' ಬರೆಸಿದಾಕೆ ಅತ್ತಿಮಬ್ಬೆ. ಬರೆಸಿದವಳ ಹೆಸರು ಉಳೀತು. ಆದರೆ ಆಕೆಯೇ ಬರೆದ ಕಾವ್ಯ ಒಂದೂ ನಮ್ಮ ಕೈಗೆ ಬಂದಿಲ್ಲ.

12ನೇ ಶತಮಾನಕ್ಕೆ ಬಂದರೆ 30ಕ್ಕೂ ಹೆಚ್ಚು ವಚನಕಾರ್ತಿಯರು ಸಿಗ್ತಾರೆ. ವಚನದ ಕೊನೆಗೆ ಹಾಕುವ ಗುರುತಿಗೆ ಅಂಕಿತ ಅಂತೀವಿ. ನೇಕಾರ ಜೇಡರ ದಾಸಿಮಯ್ಯನ ಹೆಂಡತಿ ದುಗ್ಗಳೆಯ ಅಂಕಿತ 'ದಾಸಯ್ಯಪ್ರಿಯ ರಾಮನಾಥ'. ಆಯ್ದಕ್ಕಿ ಲಕ್ಕಮ್ಮನದು 'ಮಾರಯ್ಯಪ್ರಿಯ ಅಮರೇಶ್ವರಲಿಂಗ'. ಹೆಚ್ಚಿಗೆ ಅಕ್ಕಿ ತಂದ ಗಂಡನಿಗೇ "ವಾಪಸ್ ಸುರಿದು ಬಾ" ಅಂದ ಗಟ್ಟಿಗಿತ್ತಿ ಈಕೆ. ಆದರೂ ಅಂಕಿತದೊಳಗೆ ಇರೋದು ಗಂಡನ ಹೆಸರು.

ಈಗ ಕದಿರ ರೆಮ್ಮವ್ವೆಯನ್ನು ನೋಡ್ರಿ. ನೂಲುವುದೇ ಆಕೆಯ ಕಾಯಕ. ಅಂಕಿತ 'ಕದಿರ ರೆಮ್ಮಿಯೊಡೆಯ ಗುಮ್ಮೇಶ್ವರ'. ದೇವರ ಹೆಸರಿಗೂ ಮೊದಲು ತನ್ನ ಕದಿರು, ತನ್ನ ಹೆಸರು! ರಾಟಿಯ ಒಂದೊಂದು ಭಾಗದಲ್ಲೂ ದೇವರನ್ನು ಕೂರಿಸಿ ಆಕೆ ವಚನ ಕಟ್ಟಿದಳು. ಉಳಿದಿರೋದು ಬೆರಳೆಣಿಕೆಯಷ್ಟು. ಆದರೆ ಯಾರದು ಅಂತ ನಮಗೆ ಗೊತ್ತೈತಿ.

ನಮ್ಮ ರಬಕವಿ-ಬನಹಟ್ಟಿಯಾಗ ಸೀರಿ ನೋಡಿ "ಯಾರು ನೇದದ್ದು?" ಅಂದ್ರ ಮಗ್ಗದ ಮುಂದೆ ಕೂತವನ ಹೆಸರು ಹೇಳ್ತೀವಿ. ಕಂಡಿಕಿ ಸುತ್ತಿದಾಕಿ ಹೆಸರು ಬರೋದಿಲ್ಲ. ಹಾಡಿನ ವಿಷಯದಾಗೂ ಅದನ್ನೇ ಮಾಡೀವಿ. ಬೀಸುವಾಗ, ಕುಟ್ಟುವಾಗ ಅದೆಷ್ಟೋ ಹೆಂಗಸರು ತ್ರಿಪದಿ ಕಟ್ಟಿದರು. ಎಲ್ಲರಿಗೂ ಸೇರಿ ನಾವು ಕೊಟ್ಟಿದ್ದು ಒಂದೇ ಹೆಸರು: ಜಾನಪದ.

ಅದಕ್ಕೆ ನಿಮಗೊಂದು ಮಾತು. ಮನೆಯಾಗಿನ ಅಜ್ಜಿ, ಅತ್ತಿ, ದೊಡ್ಡವ್ವನ ಹಾಡು ಫೋನಿನಾಗ ರೆಕಾರ್ಡ್ ಮಾಡೂಮುಂದ ಮೊದಲು ಕೇಳ್ರಿ: "ಇದರಾಗ ನೀ ಕಟ್ಟಿದ್ದು ಯಾವುದು?" ಹೆಸರು, ಊರು, ತಾರೀಖು ಸೇರಿಸಿ ಇಡ್ರಿ. ಹಂಚೂದಾದ್ರ ಅವರನ್ನ ಕೇಳಿ ಹಂಚ್ರಿ.

ನಾನು ಹಳೇ ಎಪಿಸೋಡಿನ ವಿವರ ತಿದ್ದೀನಿ. ಆಯಿಗೆ ತೋರಿಸಿದೆ. ಆಕಿಗೆ ಓದಾಕ ಬರೂದಿಲ್ಲ. ಸ್ಕ್ರೀನ್ ಮೇಲೆ ಬೆರಳಿಟ್ಟು ಕೇಳಿದ್ಲು, "ನನ್ನ ಹೆಸರು ಎಲ್ಲೈತಿ?"

ತೋರಿಸಿದೆ. ಮುಂದಿನ ವಾರ ಸಿಗೋಣ್ರಿ.