ಅಟ್ಟದ ಮೇಲಿನ ಡಿವಿಡಿಗಳು
(ವಾಚನಾಲಯದಲ್ಲಿ ಮಾಡಿದ ಭಾಷಣ)



ಉಚಿತ ವಾಚನಾಲಯದಲ್ಲಿ ನಿಂತು ಟೆಲಿವಿಷನ್ನಿನ ಮಾತೆತ್ತುವುದು ಕೆಲವರಿಗೆ ಸೋಜಿಗವೆನಿಸೀತು. ಪುಸ್ತಕ ಓದಿರೆಂದು ಹೇಳಬೇಕಾದ ಕಡೆ ಧಾರಾವಾಹಿಗಳ ಪ್ರಸ್ತಾಪವೇಕೆ ಎಂದು ಹಿರಿಯರು ಕೇಳಿಯಾರು. ಆದರೆ ಪುಸ್ತಕಗಳಿಗಿರುವ ನಿಯಮವೊಂದು ನಮ್ಮ ಮನೆಗಳ ಡಿವಿಡಿಗಳಿಗೂ ಉಂಟು: ಬೇಕೆಂದಾಗ ಕೈಗೆ ಸಿಗದ ವಸ್ತು ಇದ್ದರೂ ಇಲ್ಲದ ಹಾಗೆಯೇ. ಈ ಹೊತ್ತು ನಾವು ಹೇಳಬೇಕೆಂದಿರುವುದು ಇಷ್ಟನ್ನೇ.

ಭಾರತದಲ್ಲಿ ಟೆಲಿವಿಷನ್ ಪ್ರಸಾರ ಮೊದಲಾದದ್ದು ಈ ದೆಹಲಿಯಲ್ಲಿ, 1959ರ ಸೆಪ್ಟೆಂಬರ್ 15ರಂದು. ಬೆಂಗಳೂರಿನ ದೂರದರ್ಶನ ಕೇಂದ್ರ ಆರಂಭವಾದದ್ದು 1981ರ ನವೆಂಬರಿನಲ್ಲಿ. ಹೀಗೆ ದೆಹಲಿಯ ಕನ್ನಡಿಗರಿಗೆ ಟೆಲಿವಿಷನ್ ಬೇಗ ಬಂತು, ಅದರಲ್ಲಿ ಕನ್ನಡ ಬಹಳ ತಡವಾಗಿ ಬಂತು. 1986ರ ಸುಮಾರಿಗೆ ಶಂಕರ್ ನಾಗ್ ಅವರ ‘ಮಾಲ್ಗುಡಿ ಡೇಸ್’ ಬಂದಾಗ ಇಲ್ಲಿಯ ನಮ್ಮವರಿಗಾದ ಸಂತೋಷಕ್ಕೆ ಇದೂ ಒಂದು ಕಾರಣ. ಮಾತು ಹಿಂದಿಯದಾದರೂ ಕಾಣುತ್ತಿದ್ದುದು ಆಗುಂಬೆಯ ಮನೆಗಳು, ಆಗುಂಬೆಯ ಬೀದಿ. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅವನ ತಂದೆಯಾಗಿ ಗಿರೀಶ್ ಕಾರ್ನಾಡ್, ತಾಯಿಯಾಗಿ ವೈಶಾಲಿ ಕಾಸರವಳ್ಳಿ. ಮುಂದೆ 1998ರಲ್ಲಿ ಬೆಂಗಳೂರು ದೂರದರ್ಶನದಿಂದ ‘ಮಾಯಾಮೃಗ’ ಬಂತು. ಅದರ ಹಿಂದೆಯೇ ಒಂದು ಧಾರಾವಾಹಿಯುಗವೇ ಬಂತು.

ಆ ಕಾಲದಲ್ಲಿ ರಜೆಗೆ ಊರಿಗೆ ಹೋದವರು ಹಪ್ಪಳ, ಸಂಡಿಗೆ, ಮೆಣಸಿನಪುಡಿಯ ಜೊತೆಗೆ ವಿಸಿಡಿ, ಡಿವಿಡಿಗಳನ್ನೂ ಟ್ರಂಕಿನಲ್ಲಿಟ್ಟು ತಂದರು. ಕೆಲವರು ಕಾರ್ಯಕ್ರಮ ಪ್ರಸಾರವಾಗುತ್ತಿದ್ದಂತೆಯೇ ಖಾಲಿ ಡಿಸ್ಕುಗಳಿಗೆ ಇಳಿಸಿಕೊಂಡರು. ಇಂದು ಅವೆಲ್ಲ ಎಲ್ಲಿವೆ? ಕರೋಲ್ ಬಾಗಿನಿಂದ ಫರೀದಾಬಾದಿನವರೆಗೆ, ನೋಯ್ಡಾದಿಂದ ಗುರುಗ್ರಾಮದವರೆಗೆ, ಅಟ್ಟದ ಮೇಲೆ, ಮಂಚದ ಕೆಳಗೆ, ರಟ್ಟಿನ ಪೆಟ್ಟಿಗೆಗಳಲ್ಲಿವೆ. ನೋಡುವ ಯಂತ್ರ ಕೆಟ್ಟಿದೆ, ಹೊಸ ಲ್ಯಾಪ್‌ಟಾಪಿಗೆ ಡಿಸ್ಕ್ ಹಾಕುವ ಬಾಯಿಯೇ ಇಲ್ಲ. ಹನ್ನೊಂದು ತಿಂಗಳ ಬಾಡಿಗೆ ಕರಾರು ಮುಗಿದು ಮನೆ ಬದಲಿಸುವಾಗ, ನಿವೃತ್ತರು ಊರಿಗೆ ಹೊರಡುವಾಗ, ಪೆಟ್ಟಿಗೆಯನ್ನು ಹೊರುವ ಶ್ರಮ ಯಾರಿಗೆ ಬೇಕು? ಬಾಗಿಲಲ್ಲಿ ನಿಂತ ಕಬಾಡಿವಾಲನಿಗೆ ತೂಕದ ಲೆಕ್ಕದಲ್ಲಿ ಅದೂ ಹೋಗಿಬಿಡುತ್ತದೆ.

ಹೋದರೇನು ಎಂದು ಕೇಳಬಹುದು. ನಮ್ಮ ಮಕ್ಕಳ ಕಿವಿಯನ್ನು ನೆನೆದು ಉತ್ತರ ಹೇಳೋಣ. ಶಾಲೆಯಲ್ಲಿ ಅವರು ಕೇಳುವುದು ಹಿಂದಿ, ಇಂಗ್ಲಿಷು. ಗಲ್ಲಿಯಲ್ಲಿ ಕೇಳುವುದು ಹಿಂದಿ. ಕನ್ನಡ ಕೇಳುವುದು ತಾಯಿತಂದೆಯರ ಬಾಯಿಂದ ಮಾತ್ರ. ಅದಾದರೂ ಎಷ್ಟು? ಊಟವಾಯಿತೇ, ಪಾಠ ಓದಿದೆಯಾ, ದೀಪ ಆರಿಸು. ಇಷ್ಟನ್ನೇ ಕೇಳಿ ಬೆಳೆದ ಮಗುವಿಗೆ ಕನ್ನಡವೆಂದರೆ ಅಡುಗೆಮನೆಯ ಭಾಷೆಯೆಂದು ತೋರಿದರೆ ತಪ್ಪು ಅದರದಲ್ಲ. ಟಿ. ಎನ್. ಸೀತಾರಾಮ್ ಅವರ ಧಾರಾವಾಹಿಗಳಲ್ಲಿ ವಕೀಲರು ನ್ಯಾಯಾಲಯದಲ್ಲಿ ನಿಂತು ಕನ್ನಡದಲ್ಲಿ ವಾದಿಸುವುದನ್ನು ಕೇಳಿದಾಗ ಅದೇ ಮಗುವಿಗೆ, ಈ ಭಾಷೆಯಲ್ಲಿ ತರ್ಕವೂ ಉಂಟು, ಸಿಟ್ಟೂ ಉಂಟು, ನ್ಯಾಯವೂ ಉಂಟು ಎಂದು ತಿಳಿಯುತ್ತದೆ. ಹತ್ತು ಉಪದೇಶಗಳಿಂದ ಆಗದ ಕೆಲಸ ಒಂದು ಒಳ್ಳೆಯ ಕಂತಿನಿಂದ ಆದೀತು.

ಇವು ಇಂಟರ್‌ನೆಟ್ಟಿನಲ್ಲಿ ಸಿಗುವುದಿಲ್ಲವೇ ಎನ್ನುವಿರಿ. ಕೆಲವು ಸಿಗುತ್ತವೆ. ಆದರೆ ಇಂದು ಇದ್ದದ್ದು ನಾಳೆ ಇರುತ್ತದೆಂಬ ಭರವಸೆ ಅಲ್ಲಿಲ್ಲ. 2020ರ ಮಾರ್ಚಿನಲ್ಲಿ ದೇಶವೆಲ್ಲ ಮನೆಯೊಳಗೆ ಕುಳಿತಾಗ ದೂರದರ್ಶನವು 1987ರ ‘ರಾಮಾಯಣ’ವನ್ನು ಮತ್ತೆ ತೋರಿಸಿತು. ಹಾಗೆ ತೋರಿಸಲು ಸಾಧ್ಯವಾದದ್ದು ಯಾರೋ ಅದನ್ನು ಮೂವತ್ತು ವರ್ಷ ಜೋಪಾನ ಮಾಡಿದ್ದರಿಂದ. ಮನೆಯ ಮಟ್ಟದಲ್ಲಿ ಆ ಕೆಲಸ ನಮ್ಮದು.

ಈಗ ಕೆಲಸದ ಕ್ರಮಕ್ಕೆ ಬರೋಣ. ಮೊದಲು ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿರಿ. ಮೇ ತಿಂಗಳಲ್ಲಿ 45 ಡಿಗ್ರಿ ಮುಟ್ಟುವ ಈ ಊರಿನಲ್ಲಿ, ಮೇಲಂತಸ್ತಿನ ಬರ್ಸಾತಿಯ ಅಟ್ಟ ಒಲೆಗೆ ಸಮ. ಅಂಗಡಿಯಲ್ಲಿ ಕೊಂಡ ಡಿಸ್ಕಿನಲ್ಲಿ ಚಿತ್ರವನ್ನು ಅಚ್ಚೊತ್ತಿರುತ್ತಾರೆ. ಮನೆಯಲ್ಲಿ ಇಳಿಸಿಕೊಂಡ ಡಿಸ್ಕಿನಲ್ಲಿ ಅದು ಒಂದು ಬಣ್ಣದ ಲೇಪದ ಮೇಲಿರುತ್ತದೆ. ಬಿಸಿಲಿಗೂ ಸೆಕೆಗೂ ಆ ಲೇಪ ಬೇಗ ಕೆಡುತ್ತದೆ. ಆದುದರಿಂದ ಮನೆಯಲ್ಲಿ ಇಳಿಸಿಕೊಂಡವಕ್ಕೆ ಮೊದಲ ಸರದಿ, ಕೊಂಡವಕ್ಕೆ ಎರಡನೆಯದು. ಅಂಗಡಿಯ ಡಿಸ್ಕಿನ ಇನ್ನೊಂದು ಪ್ರತಿ ಎಲ್ಲಾದರೂ ಇದ್ದೀತು. ನೀವು ಇಳಿಸಿಕೊಂಡದ್ದು ಜಗತ್ತಿನಲ್ಲಿ ಒಂದೇ ಇರಬಹುದು.

ಡಿಸ್ಕಿನ ಧೂಳನ್ನು ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ಒರೆಸಬೇಕು, ಸುತ್ತಲೂ ತಿರುಗಿಸಿ ಒರೆಸಬಾರದು. ನೆಹರೂ ಪ್ಲೇಸಿನಲ್ಲಿ ಯುಎಸ್‌ಬಿಗೆ ಸಿಕ್ಕಿಸುವ ಡಿವಿಡಿ ಡ್ರೈವ್ ಒಂದೆರಡು ಸಾವಿರ ರೂಪಾಯಿಯಲ್ಲಿ ಸಿಗುತ್ತದೆ. ನಾಲ್ಕು ಮನೆಯವರು ಸೇರಿ ಒಂದನ್ನು ಕೊಂಡರೆ ಸಾಕು. ಮೇಕ್‌ಎಂಕೆವಿ ಎಂಬ ಸಾಫ್ಟ್‌ವೇರು ಡಿಸ್ಕಿನಲ್ಲಿರುವುದನ್ನು ಗುಣ ಕುಂದದಂತೆ ಕಡತವಾಗಿ ಇಳಿಸಿಕೊಡುತ್ತದೆ. ಒಂದು ಡಿಸ್ಕಿನಲ್ಲಿ ನಾಲ್ಕು ಕಂತುಗಳಿದ್ದರೆ, ಅವೇ ನಾಲ್ಕನ್ನು ಜೋಡಿಸಿದ ಉದ್ದದ ಐದನೆಯದೊಂದು ಕಾಣಿಸುವುದುಂಟು. ಅದನ್ನು ಬಿಟ್ಟು ಬಿಡಿ ಕಂತುಗಳನ್ನೇ ಆರಿಸಿಕೊಂಡರೆ ಜಾಗವೂ ಕಾಲವೂ ಉಳಿಯುತ್ತವೆ.

ಒಂದು ಪದರದ ಡಿವಿಡಿಯಲ್ಲಿ 4.7 ಜಿಬಿ, ಎರಡು ಪದರದ್ದರಲ್ಲಿ 8.5 ಜಿಬಿ ಹಿಡಿಸುತ್ತದೆ. 1 ಟಿಬಿಯ ಹಾರ್ಡ್ ಡಿಸ್ಕಿನಲ್ಲಿ ಇಂಥ ನೂರಕ್ಕೂ ಮಿಕ್ಕಿ ಡಿಸ್ಕುಗಳ ಸರಕು ಕುಳಿತುಕೊಳ್ಳುತ್ತದೆ. ಮೊಬೈಲಿನಲ್ಲಿ ನೋಡಲು ಚಿಕ್ಕ ಪ್ರತಿ ಬೇಕಾದರೆ ಹ್ಯಾಂಡ್‌ಬ್ರೇಕ್ ಎಂಬ ಉಚಿತ ಸಾಫ್ಟ್‌ವೇರು ಉಂಟು. ಹಳೆಯ ಟೆಲಿವಿಷನ್ ಚಿತ್ರದಲ್ಲಿ ಜನ ಓಡಾಡುವಾಗ ಬಾಚಣಿಗೆಯ ಹಲ್ಲಿನಂಥ ಗೆರೆಗಳು ಕಂಡರೆ ಅದರಲ್ಲಿ ‘ಡಿಇಂಟರ್ಲೇಸ್’ ಎಂಬುದನ್ನು ಹಾಕಿಕೊಳ್ಳಿರಿ, ಗೆರೆ ಹೋಗುತ್ತದೆ. ವಿಸಿಡಿಯ ಚಿತ್ರ ಡಿವಿಡಿಯ ಕಾಲು ಪಾಲಿಗಿಂತ ಚಿಕ್ಕದು. ಅದನ್ನು ಎಷ್ಟು ಹಿಗ್ಗಿಸಿದರೂ ಇಲ್ಲದ ಸ್ಪಷ್ಟತೆ ಬಾರದು. ಇದ್ದಂತೆಯೇ ಉಳಿಸಿಕೊಳ್ಳುವುದು ಜಾಣತನ.

ಇಳಿಸಿಕೊಂಡರೆ ಕೆಲಸ ಮುಗಿಯಿತೆಂದು ತಿಳಿಯಬಾರದು. ಅರ್ಧ ಕೆಲಸ ಇರುವುದು ಹೆಸರಿಡುವುದರಲ್ಲಿ. ಈ ವಾಚನಾಲಯದ ಪುಸ್ತಕಗಳಿಗೆ ಸಂಖ್ಯೆ ಹಾಕದೆ, ದಾಖಲೆ ಪುಸ್ತಕದಲ್ಲಿ ಬರೆಯದೆ ಒಟ್ಟಿಬಿಟ್ಟರೆ ಇದು ವಾಚನಾಲಯವಾಗುವುದಿಲ್ಲ, ರದ್ದಿ ಅಂಗಡಿಯಾಗುತ್ತದೆ. ‘ಟೈಟಲ್ 03’ ಎಂಬ ನೂರು ಕಡತಗಳ ರಾಶಿಯೂ ಹಾಗೆಯೇ. ಧಾರಾವಾಹಿಗೊಂದು ಫೋಲ್ಡರ್, ಅದರೊಳಗೆ ಕಂತಿನ ಸಂಖ್ಯೆ, ಕಂತಿನ ಹೆಸರು. ಡಿಸ್ಕಿನ ಕ್ರಮವೂ ಪ್ರಸಾರವಾದ ಕ್ರಮವೂ ಒಂದೇ ಆಗಿರಬೇಕೆಂದಿಲ್ಲ, ನೋಡಿ ಸರಿಪಡಿಸಬೇಕು. ಈ ಕೆಲಸಕ್ಕೆ ಮನೆಯ ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿರಿ. ಪಾತ್ರ ಯಾರದು, ನಟಿ ಯಾರು, ಮದುವೆಯ ಕಂತು ಯಾವುದರ ಹಿಂದಿನದು ಎಂಬುದೆಲ್ಲ ಅವರಿಗೆ ಬಾಯಿಪಾಠ. ಅವರು ಹೇಳುವುದನ್ನು ಮೊಮ್ಮಗಳು ಕನ್ನಡದಲ್ಲಿ ಬರೆದುಕೊಳ್ಳಲಿ. ಅಲ್ಲಿಗೆ ಒಂದು ಪಾಠವೂ ಆಯಿತು.

ಬಳಿಕ ಜೆಲ್ಲಿಫಿನ್ ಎಂಬ ಉಚಿತ ಸಾಫ್ಟ್‌ವೇರನ್ನು ಹಳೆಯ ಕಂಪ್ಯೂಟರಿನಲ್ಲಿ ಹಾಕಿದರೆ, ಮನೆಯ ವೈಫೈ ಮೂಲಕ ಟಿವಿಯಲ್ಲೂ ಫೋನಿನಲ್ಲೂ ಈ ಭಂಡಾರ ಮುಖಪುಟಗಳ ಸಮೇತ ತೆರೆದುಕೊಳ್ಳುತ್ತದೆ. ಮನೆಯೊಳಗೆ ನೋಡುವುದಕ್ಕೆ ಇಂಟರ್‌ನೆಟ್ಟಿನ ಡೇಟಾ ಖರ್ಚಾಗುವುದಿಲ್ಲ. ಆದರೆ ಹಾರ್ಡ್ ಡಿಸ್ಕೂ ಚಿರಂಜೀವಿಯಲ್ಲ. ಎರಡನೆಯ ಪ್ರತಿಯೊಂದನ್ನು ಊರಿನ ನಮ್ಮ ಮನೆಯಲ್ಲಿಟ್ಟು, ವರ್ಷಕ್ಕೊಮ್ಮೆ ಹೋದಾಗ ಹಾಕಿ ನೋಡಬೇಕು.

ಒಂದು ಎಚ್ಚರಿಕೆಯ ಮಾತು. ಈ ಕಥೆಗಳನ್ನು ಬರೆದವರು, ನಟಿಸಿದವರು, ಹಣ ಹಾಕಿದವರು ಇದ್ದಾರೆ. 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಕಲಮು ಖಾಸಗಿ ಉಪಯೋಗಕ್ಕಾಗಿ ನ್ಯಾಯೋಚಿತ ಬಳಕೆಗೆ ಎಡೆಮಾಡಿದೆ. 2012ರ ತಿದ್ದುಪಡಿಯಿಂದ ಸೇರಿದ 65ಎ ಕಲಮಿನಂತೆ, ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಡಿಸ್ಕಿನ ಬೀಗ ಮುರಿದರೆ ಶಿಕ್ಷೆ ಉಂಟು. ಆದುದರಿಂದ ನಾವು ಕೊಂಡದ್ದು ನಮ್ಮ ಮನೆಯವರಿಗೆ. ಪ್ರತಿ ಮಾಡಿ ಮಾರುವುದೂ ಬೇಡ, ಹಂಚುವುದೂ ಬೇಡ. ಮೂಲ ಡಿಸ್ಕನ್ನು ಕಬಾಡಿಗೆ ಹಾಕದೆ ನೆರಳಿನಲ್ಲಿ ನಿಲ್ಲಿಸಿಡಿ. ಅದೇ ನಮ್ಮ ರಸೀತಿ.

ಇಷ್ಟೆಲ್ಲ ಯಾವಾಗ ಮಾಡುವುದೆಂದು ದಣಿದು ಬಂದವರು ಕೇಳುತ್ತಾರೆ. ಮೆಟ್ರೋದಲ್ಲಿ ನಿಂತು ಬಂದು, ರಾತ್ರಿ ಪಾಳಿ ಮುಗಿಸಿ ಬಂದು, ಯಾರಿಗೆ ಬಿಡುವಿದೆ? ದಿನಕ್ಕೊಂದು ಡಿಸ್ಕ್ ಸಾಕು. ಡ್ರೈವಿಗೆ ಹಾಕಿ ಊಟಕ್ಕೆ ಕುಳಿತರೆ ಏಳುವ ಹೊತ್ತಿಗೆ ಅದು ಇಳಿದಿರುತ್ತದೆ. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ. ಬರುವ ಬೇಸಗೆಗೆ ಮುಂಚೆ ನೂರು ಡಿಸ್ಕುಗಳ ಪೆಟ್ಟಿಗೆ ಖಾಲಿಯಾಗುವುದು ಕಷ್ಟವಲ್ಲ.

ಈ ಭಾನುವಾರದಿಂದ ವಾಚನಾಲಯದ ಮೇಜಿನ ಮೇಲೆ ಒಂದು ನೋಟ್‌ಬುಕ್ ಇರುತ್ತದೆ. ಅದರಲ್ಲಿ ನಿಮ್ಮ ಮನೆಯಲ್ಲಿ ಯಾವ ಧಾರಾವಾಹಿಯ ಯಾವ ಕಂತುಗಳಿವೆಯೆಂಬುದನ್ನು ಮಾತ್ರ ಬರೆಯಿರಿ. ಡಿಸ್ಕನ್ನು ತರುವುದು ಬೇಡ. ದೆಹಲಿಯ ಅಟ್ಟಗಳ ಮೇಲೆ ಎಷ್ಟು ಕನ್ನಡವಿದೆಯೆಂದು ಒಮ್ಮೆ ಎಣಿಸಿ ನೋಡೋಣ.