ತನಿಖೆಗೂ ಒಂದು ನಕ್ಷೆ ಬೇಕು

(ಶ್ರಾವಣ ಮಾಸದ ಚಿಂತನಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

ನಾನು ನೀರಾವರಿ ಕೆಲಸದಲ್ಲಿ ತಲೆ ನರೆಸಿಕೊಂಡ ಎಂಜಿನಿಯರ್, ವೇದಿಕೆಯ ಮಾತುಗಾರನಲ್ಲ. ಸರ್ಕಾರದ ಹಣ ಪೋಲಾದಾಗ ‘ತನಿಖೆ ಆಗಲಿ’ ಎಂದು ನಾವೆಲ್ಲ ಕೂಗುತ್ತೇವೆ. ಆಯೋಗ ನೇಮಕವಾದ ದಿನ ಗೆದ್ದೆವೆಂದು ಸುಮ್ಮನಾಗುತ್ತೇವೆ. ಆ ಆಯೋಗವನ್ನು ಹೇಗೆ ಕಟ್ಟಿದ್ದಾರೆ ಎಂದು ನೋಡುವವರು ಕಡಿಮೆ.

ಒಮ್ಮೆ ಒಂದು ಕಾಲುವೆ ಕಾಮಗಾರಿಯ ಬಿಲ್ಲುಗಳ ವಿಚಾರಣೆ ನಡೆಯಿತು. ಅದರ ಒಂದು ಭಾಗದ ಅಳತೆ ನಾನು ತೆಗೆದದ್ದು. ನನ್ನನ್ನು ಸಾಕ್ಷಿಗೆ ಕರೆದದ್ದು ಒಂಬತ್ತು ವರ್ಷಗಳ ಮೇಲೆ. ಅಗೆದದ್ದರಲ್ಲಿ ಮಣ್ಣೆಷ್ಟು, ಬಂಡೆಯೆಷ್ಟು ಎಂದು ಕೇಳಿದರು. ಮಣ್ಣು ಅಗೆದು ಬಂಡೆಯ ದರ ಬರೆಯುವುದು ನಮ್ಮ ವೃತ್ತಿಯ ಹಳೆಯ ಕಳ್ಳದಾರಿ. ಉತ್ತರ ಇದ್ದದ್ದು ಎಂ.ಬಿ.ಯಲ್ಲಿ, ಅಂದರೆ ಅಳತೆ ಪುಸ್ತಕದಲ್ಲಿ. ಕಚೇರಿ ಬದಲಾಯಿಸುವಾಗ ಅದು ಕಳೆಯಿತೆಂದರು. ‘ನೆನಪಿಲ್ಲ’ ಎಂದು ಹೇಳಿ ಬಂದೆ. ಅದು ನಿಜವೇ. ಆದರೂ ಆ ರಾತ್ರಿ ಊಟ ಸೇರಲಿಲ್ಲ.

ಇದಕ್ಕೆ ಪೂರ್ತಿ ವಿರುದ್ಧವಾದದ್ದು 1958ರ ಛಾಗ್ಲಾ ಆಯೋಗ. ಜೀವ ವಿಮಾ ನಿಗಮ 1957ರಲ್ಲಿ ಹರಿದಾಸ್ ಮುಂಧ್ರಾ ಅವರ ಆರು ಕಂಪನಿಗಳ ಷೇರುಗಳಿಗೆ ಸುಮಾರು 1.24 ಕೋಟಿ ರೂಪಾಯಿ ಸುರಿದಿತ್ತು. ನಿಗಮದ ಹೂಡಿಕೆ ಸಮಿತಿಯನ್ನು ಮೊದಲು ಕೇಳಿಯೇ ಇರಲಿಲ್ಲ. ಆಳುವ ಪಕ್ಷದವರೇ ಆದ ಫಿರೋಜ್ ಗಾಂಧಿ ಲೋಕಸಭೆಯಲ್ಲಿ ಇದನ್ನು ಎತ್ತಿದರು. ಬೊಂಬಾಯಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಒಬ್ಬರೇ ಆಯೋಗ. ಕೇಳಬೇಕಾದದ್ದು ಇಷ್ಟೇ: ಈ ಖರೀದಿ ಸರಿಯೇ, ಹೊಣೆ ಯಾರದು? ಬಹಿರಂಗ ವಿಚಾರಣೆ, ಒಳಗೆ ಜಾಗ ಸಾಲದೆ ಹೊರಗಿನ ಜನಕ್ಕೆ ಧ್ವನಿವರ್ಧಕ ಹಾಕಿದರು. ಹಣಕಾಸು ಸಚಿವರೂ ಸಾಕ್ಷಿ ಹೇಳಿದರು. ತಿಂಗಳೊಳಗೆ ಕೆಲಸ ಮುಗಿಯಿತು, ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಅವಸರವಾಯಿತೆಂಬ ಮಾತೂ ಇತ್ತು. ಅಧಿಕಾರಿಗಳ ವಿಷಯವನ್ನು ಆಮೇಲೆ ವಿವಿಯನ್ ಬೋಸ್ ಮಂಡಳಿ ಬೇರೆಯಾಗಿ ವಿಚಾರಿಸಿತು. ನನಗದು ತಪ್ಪೆನಿಸುವುದಿಲ್ಲ. ನಡೆದದ್ದೇನೆಂದು ಮೊದಲು ಬೇಗ ತಿಳಿಯಲಿ, ಒಬ್ಬೊಬ್ಬರ ತಪ್ಪನ್ನು ಆಮೇಲೆ ನಿಧಾನವಾಗಿ ತೂಗಲಿ.

ನಮ್ಮಲ್ಲಿ ಎಷ್ಟೋ ಆಯೋಗಗಳು ಹೊಸ ಹೊಸ ಅವಧಿ ಪಡೆಯುತ್ತಲೇ ಇರುತ್ತವೆ. 1952ರ ವಿಚಾರಣಾ ಆಯೋಗಗಳ ಕಾಯ್ದೆಯಂತೆ ವರದಿ ಕೈಸೇರಿದ ಆರು ತಿಂಗಳಲ್ಲಿ ಸರ್ಕಾರ ಅದನ್ನು ಸದನದಲ್ಲಿ ಇಡಬೇಕು, ಕೈಗೊಂಡ ಕ್ರಮವನ್ನೂ ತಿಳಿಸಬೇಕು. ಆದರೆ ಆಯೋಗ ಎಷ್ಟು ದಿನದಲ್ಲಿ ಮುಗಿಸಬೇಕೆಂದು ಕಾಯ್ದೆ ಗಡುವು ಹಾಕಿಲ್ಲ. ಎಂಟು-ಬಿ ಕಲಮನ್ನೂ ಮರೆಯಬಾರದು. ಯಾರ ಹೆಸರಿಗೆ ಮಸಿ ಹತ್ತಬಹುದೋ ಅವರ ಮಾತನ್ನು ಕೇಳಲೇಬೇಕು; ಕೇಳದೆ ಬರೆದದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲ.

ಇನ್ನೊಂದು, ಕಡತ ಓದಬಲ್ಲವರು ಬೇಕು. ಗಣಿಗಾರಿಕೆ ಕುರಿತ 2011ರ ಲೋಕಾಯುಕ್ತ ವರದಿಗೆ ಬಲ ಬಂದದ್ದು ಹಾಗೆ. ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ಜೊತೆ ಅರಣ್ಯಾಧಿಕಾರಿ ಯು.ವಿ. ಸಿಂಗ್ ಅವರ ತಂಡವಿತ್ತು. ಪರವಾನಗಿಯಲ್ಲಿ ಬರೆದ ಅದಿರೆಷ್ಟು, ಬಂದರಿನಿಂದ ಹೋದ ಅದಿರೆಷ್ಟು ಎಂದು ತಾಳೆ ಹಾಕಿದರು. 16,085 ಕೋಟಿ ರೂಪಾಯಿ ನಷ್ಟದ ಅಂದಾಜು ಹೊರಬಿತ್ತು. ನಮ್ಮ ಭಾಷೆಯಲ್ಲಿ ಇದು ಎರಡು ಕಡೆಯಿಂದ ಅಳತೆ ಹಿಡಿಯುವುದು.

ಮುಂದೆ ಯಾವುದಾದರೂ ಆಯೋಗದ ಆದೇಶ ಬಂದರೆ ಪತ್ರಿಕೆಯ ತಲೆಬರಹ ಬಿಟ್ಟು ಆದೇಶವನ್ನೇ ಓದಿ. ಪ್ರಶ್ನೆ ಯಾವುದು, ಕೊನೆಯ ದಿನ ಯಾವುದು, ವಿಚಾರಣೆ ಬಹಿರಂಗವೇ, ಕಡತಗಳನ್ನು ಮೊದಲ ವಾರವೇ ವಶಕ್ಕೆ ಪಡೆಯುತ್ತಾರೆಯೇ? ಉತ್ತರ ಕಾಣದಿದ್ದರೆ ನಿಮ್ಮ ಶಾಸಕರನ್ನು ಕೇಳಿ. ಬೇಕೆಂದರೆ ಮನವಿ ಬರೆಯಲು ನಾನೇ ಬಂದು ಕೂರುತ್ತೇನೆ. ಪ್ರಸಾದದ ಹೊತ್ತಾಯಿತು.