ನೀರಿಗೆ ಏನು ಹಾಕ್ತೀರಿ ಅನ್ನೋದೇ ಪ್ರಶ್ನೆ



ತುಟಿ ಒಡೀತಿದೆ, ಗಂಟಲು ಒಣಗ್ತಿದೆ, ಮಧ್ಯರಾತ್ರಿ ಮಗು ಮೂಗು ಕಟ್ಟಿಕೊಂಡು ಏಳ್ತಿದೆ. ಎಸಿ ಹಾಕಿ ಮಲಗೋ ಮನೆಗಳಲ್ಲಂತೂ ಇದು ದಿನದ ಗೋಳು. ನಮ್ಮ ಸ್ಟುಡಿಯೋದಲ್ಲೂ ದಿನವಿಡೀ ಎಸಿ. ಒಂದು ಬುಲೆಟಿನ್ ಮುಗಿಯೋ ಹೊತ್ತಿಗೆ ನನ್ನ ಗಂಟಲಲ್ಲಿ ಪಸೆ ಇರಲ್ಲ. ಇದಕ್ಕೆ ಮಾರುಕಟ್ಟೆ ಕೊಟ್ಟಿರುವ ಉತ್ತರ ಹ್ಯೂಮಿಡಿಫೈಯರ್. ನೀರು ತುಂಬಿ, ಸ್ವಿಚ್ ಹಾಕಿ, ಮಂಜು ಬರುತ್ತೆ. ನೋಡೋಕೂ ಚೆಂದ.

ನಾನು ಯಂತ್ರ ಕೊಳ್ಳಬೇಡಿ ಅಂತ ಹೇಳ್ತಿಲ್ಲ. ಗಾಳಿ ನಿಜವಾಗಿಯೂ ಒಣಗಿದ್ದರೆ ಅದರಿಂದ ಆರಾಮ ಸಿಗುತ್ತೆ. ಆದರೆ ಅದರ ತೊಟ್ಟಿಗೆ ನೀವು ಏನು ಹಾಕ್ತೀರೋ, ಅದು ನೇರವಾಗಿ ಮಗುವಿನ ಶ್ವಾಸಕೋಶಕ್ಕೆ ಹೋಗುತ್ತೆ. ಇದನ್ನು ಮರೆತ ಒಂದು ದೇಶ ಎಂಥ ಬೆಲೆ ತೆತ್ತಿತು ಗೊತ್ತಾ?

ಆ ದೇಶ ದಕ್ಷಿಣ ಕೊರಿಯಾ. ಅಲ್ಲಿ ಚಳಿಗಾಲದಲ್ಲಿ ಮನೆ ಬೆಚ್ಚಗಿಡ್ತಾರೆ, ಒಳಗಿನ ಗಾಳಿ ಒಣಗುತ್ತೆ. ಹಾಗಾಗಿ ಹ್ಯೂಮಿಡಿಫೈಯರ್ ಬಳಕೆ ಜಾಸ್ತಿ. ತೊಟ್ಟಿ ತೊಳೆಯೋದು ಬೇಜಾರಿನ ಕೆಲಸ ಅಲ್ವಾ? 1994ರಲ್ಲಿ ಒಂದು ಸುಲಭದ ದಾರಿ ಅಂಗಡಿಗೆ ಬಂತು. ನೀರಿಗೆ ಸ್ವಲ್ಪ ಕ್ರಿಮಿನಾಶಕ ದ್ರಾವಣ ಬೆರೆಸಿದರೆ ಸಾಕು, ಕ್ರಿಮಿಯ ಚಿಂತೆ ಇಲ್ಲ. ಮಕ್ಕಳಿಗೂ ಸುರಕ್ಷಿತ ಅಂತ ಬಾಟಲಿ ಮೇಲೇ ಬರೆದಿದ್ದರು. ಜನ ನಂಬಿದರು.

2011ರಲ್ಲಿ ಸೋಲ್ ನಗರದ ಆಸ್ಪತ್ರೆಯಲ್ಲಿ ಗರ್ಭಿಣಿಯರು, ಬಾಣಂತಿಯರು ಉಸಿರಾಡಲಾಗದೆ ದಾಖಲಾದರು. ಶ್ವಾಸಕೋಶವೇ ಗಟ್ಟಿಯಾಗುತ್ತಿತ್ತು. ಅದೇ ವರ್ಷ ಸರ್ಕಾರಿ ತನಿಖೆ ಈ ದ್ರಾವಣವನ್ನೇ ಪತ್ತೆ ಹಚ್ಚಿತು. ಮುಟ್ಟಿದರೆ ಅಷ್ಟೇನೂ ಹಾನಿ ಮಾಡದ ರಾಸಾಯನಿಕ, ಸಣ್ಣ ಹನಿಯಾಗಿ ಉಸಿರಿನ ಜೊತೆ ಒಳಗೆ ಹೋದಾಗ ವಿಷವಾಗಿತ್ತು. ಉಸಿರಾಡಿದರೆ ಏನಾಗುತ್ತೆ ಅಂತ ಸರಿಯಾಗಿ ಪರೀಕ್ಷಿಸದೆಯೇ 17 ವರ್ಷ ಮಾರಿದ್ದರು! ಸಂತ್ರಸ್ತರೆಂದು ಹೆಸರು ನೋಂದಾಯಿಸಿದವರಲ್ಲಿ ಸಾವಿರಕ್ಕೂ ಹೆಚ್ಚು ಜನ ಇಂದು ಬದುಕಿಲ್ಲ. 2017ರಲ್ಲಿ ಕಂಪನಿಯೊಂದರ ಮಾಜಿ ಮುಖ್ಯಸ್ಥನಿಗೆ ಕೋರ್ಟ್ 7 ವರ್ಷ ಜೈಲು ವಿಧಿಸಿತು. ಹೋದ ಜೀವ ವಾಪಸ್ ಬಂತಾ?

ಈಗ ನಮ್ಮ ಮನೆಗೆ ಬನ್ನಿ. ಆ ತೊಟ್ಟಿಗೆ ನೀಲಗಿರಿ ಎಣ್ಣೆ, ಸುಗಂಧದ ಎಣ್ಣೆ, ಕರ್ಪೂರ ಹಾಕುವವರಿದ್ದಾರೆ. ವಾಸನೆ ಬರದಿರಲಿ ಅಂತ ಡೆಟಾಲ್ ಹಾಕೋಣವೇ ಅಂತ ಯೋಚಿಸುವವರೂ ಇರಬಹುದು. ದಯವಿಟ್ಟು ಬೇಡ. ತಯಾರಕರು ಕೈಪಿಡಿಯಲ್ಲಿ ಹೇಳದ ಯಾವುದನ್ನೂ ಹಾಕಬೇಡಿ.

ಬೋರ್‌ವೆಲ್ ನೀರೂ ಬೇಡ. ಅದರಲ್ಲಿರುವ ಲವಣಗಳು ಗಾಳಿಗೆ ಹಾರಿ, ಟಿವಿ, ಮೇಜಿನ ಮೇಲೆ ಬಿಳಿ ಪುಡಿಯಾಗಿ ಕೂರುತ್ತವೆ. ಮೇಜಿನ ಮೇಲೆ ಕೂತಿದ್ದು ಎದೆಯೊಳಗೂ ಹೋಗಿರುತ್ತೆ ಸ್ವಾಮಿ. ಡಿಸ್ಟಿಲ್ಡ್ ನೀರು ಉತ್ತಮ, ಇಲ್ಲದಿದ್ದರೆ ಆರ್‌ಒ ನೀರು. ಪ್ರತಿದಿನ ಹಳೆ ನೀರು ಚೆಲ್ಲಿ, ತೊಟ್ಟಿ ಒರೆಸಿ ಒಣಗಿಸಿ. ಮೂರು ದಿನಕ್ಕೊಮ್ಮೆ ಚೆನ್ನಾಗಿ ಉಜ್ಜಿ ತೊಳೆಯಿರಿ.

ಇನ್ನೊಂದು ಮಾತು. ಕೊಳ್ಳುವ ಮುನ್ನ ಅಳೆಯಿರಿ. ತೇವ ಅಳೆಯುವ ಹೈಗ್ರೋಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತೆ. ತೇವಾಂಶ 30ರಿಂದ 50 ಪರ್ಸೆಂಟ್ ಇದ್ದರೆ ಸಾಕು. 60 ದಾಟಿದರೆ ಗೋಡೆಗೆ ಬೂಷ್ಟು ಹಿಡಿಯುತ್ತೆ, ಅಸ್ತಮಾ ಇದ್ದವರಿಗೆ ತೊಂದರೆ ಹೆಚ್ಚುತ್ತೆ. ಮಂಗಳೂರು, ಉಡುಪಿಯವರು ಮಳೆಗಾಲದಲ್ಲಿ ಇದನ್ನು ಕೊಂಡರೆ ದುಡ್ಡು ನೀರಿಗೆ ಹಾಕಿದಂತೆ. ಕಲಬುರಗಿಯ ಬೇಸಿಗೆಯಲ್ಲಿ ನಿಮ್ಮ ಏರ್ ಕೂಲರ್ ಆಗಲೇ ಗಾಳಿಗೆ ತೇವ ಸೇರಿಸ್ತಿರುತ್ತೆ, ಇನ್ನೊಂದು ಯಂತ್ರ ಯಾಕೆ?

ಮಂಜು ಬಂದ ಮಾತ್ರಕ್ಕೆ ಗಾಳಿ ಶುದ್ಧವಾಗಲ್ಲ. ಹ್ಯೂಮಿಡಿಫೈಯರ್ ಧೂಳು ಸೋಸಲ್ಲ, ಹೊಗೆ ತೆಗೆಯಲ್ಲ. ಅದು ನೀವು ಹಾಕಿದ್ದನ್ನು ಗಾಳಿಗೆ ಬಿಡುತ್ತೆ, ಅಷ್ಟೇ. ಈಗಾಗಲೇ ಮನೆಯಲ್ಲಿ ಇದ್ದರೆ, ಇವತ್ತು ರಾತ್ರಿ ಸ್ವಿಚ್ ಹಾಕೋ ಮೊದಲು ಮುಚ್ಚಳ ತೆಗೆದು ಒಮ್ಮೆ ಒಳಗೆ ಕೈ ಆಡಿಸಿ. ಲೋಳೆ ಕೈಗೆ ಅಂಟಿದರೆ, ಮೊದಲು ತೊಳೆಯಿರಿ.